ಮಣೆಯಾಟದ ಕರ್ತೃವೂ ವರ್ತಕನೂ

ಕಾವ್ಯಕ್ಕೆ ಕರ್ತೃವುಂಟು, ಕೀರ್ತನೆಗೆ ಅಂಕಿತವುಂಟು, ಗುಡಿಯ ವಿಗ್ರಹದ ಪೀಠದ ಮೇಲೆ ಕೂಡ ಒಮ್ಮೊಮ್ಮೆ ಶಿಲ್ಪಿಯ ಹೆಸರುಂಟು. ಮಣೆಯ ಮೇಲೋ ಹಾಸಿನ ಮೇಲೋ ಕಾಯಿ ನಡೆಸಿ ಆಡುವ ಆಟಕ್ಕೆ ಮಾತ್ರ ಕರ್ತೃವೊಬ್ಬನಿರಬಹುದೆಂಬ ಭಾವನೆಯೇ ನಮ್ಮಲ್ಲಿಲ್ಲ. ಅಜ್ಜಿ ಆಡಿದಳು, ನಾವೂ ಆಡಿದೆವು, ಅಂಗಡಿಗೆ ಪೆಟ್ಟಿಗೆಯಾಗಿ ಬಂದಿತು, ಕೊಂಡೆವು, ಅಷ್ಟೆ. ಇಂಥ ಆಟಗಳನ್ನು ರಚಿಸಿ, ಅಚ್ಚುಮಾಡಿ, ಮಾರುವ ಉದ್ಯಮವು ಈಗ ನಮ್ಮ ದೇಶದಲ್ಲಿಯೂ ಬೆಳೆಯುತ್ತಿದೆ. ಬೆಳೆಯಲಿ. ಆದರೆ ಆಟವೂ ಒಂದು ಕೃತಿ. ಕೃತಿಯಾದುದರಿಂದ ಅದು ವಿಮರ್ಶೆಗೆ ಅರ್ಹವಾದುದು. ವಿಮರ್ಶೆಯಿಲ್ಲದ ಕಡೆ ವ್ಯಾಪಾರವು ಕೃತಿಯನ್ನು ಸವೆಸಿಬಿಡುತ್ತದೆ. ಈ ಮೂರು ಮಾತುಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಆಟವು ಕೃತಿಯಾಗುವುದು ಹೇಗೆಂದು ಕೇಳಬಹುದು. ನಮ್ಮ ಮನೆಮನೆಯ ಚೌಕಾಬಾರವನ್ನೇ ನೋಡೋಣ. ಐದೈದರಂತೆ ೨೫ ಮನೆಗಳು, ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಲ್ಲರಿಗೂ ಸೇರಿ ನಾಲ್ಕು ಕವಡೆ. ಕಾಯಿಯು ಹೊರಸುತ್ತಿನ ೧೬ ಮನೆಗಳನ್ನು ಒಂದು ದಿಕ್ಕಿನಲ್ಲಿಯೂ ಒಳಸುತ್ತಿನ ಎಂಟು ಮನೆಗಳನ್ನು ಅದರ ಎದುರು ದಿಕ್ಕಿನಲ್ಲಿಯೂ ಕ್ರಮಿಸಿ ನಡುಮನೆಯಲ್ಲಿ ಹಣ್ಣಾಗುತ್ತದೆ. ಅಂಗಾತ ಬಿದ್ದ ಕವಡೆಗಳ ಎಣಿಕೆಯೇ ಗರ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ಸರಾಸರಿಯಲ್ಲಿ ೧೬ ಎಸೆತಗಳಿಗೆ ಎರಡು ಬೀಳುವುದು ಆರು ಸಲ. ಒಂದೂ ಮೂರೂ ನಾಲ್ಕು ನಾಲ್ಕು ಸಲ. ಚೌಕವೂ ಬಾರವೂ ಒಂದೊಂದೇ ಸಲ. ಅಪರೂಪವಾದ ಈ ಎರಡು ಗರಗಳಿಗೆ ಮತ್ತೊಮ್ಮೆ ಕವಡೆ ಹಾಕುವ ಹಕ್ಕನ್ನು ಕೊಟ್ಟವನು ಮನುಷ್ಯನ ಆಸೆಯನ್ನು ಬಲ್ಲವನಾಗಿರಬೇಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿನಲ್ಲಿ ಪ್ರವೇಶವಿಲ್ಲವೆಂಬ ನಿಯಮವನ್ನು ಇಟ್ಟವನಂತೂ ನಾಟಕಕಾರನೇ ಸರಿ. ಅಂಜಿಕೊಂಡು ಕಟ್ಟೆಯಿಂದ ಕಟ್ಟೆಗೆ ಓಡುವವನನ್ನು ಈ ಒಂದು ವಾಕ್ಯವು ಅಂಗಳಕ್ಕೆ ಎಳೆದು ತರುತ್ತದೆ. ಭಯ, ಲೋಭ, ತಾಳ್ಮೆ ಇವುಗಳ ಸನ್ನಿವೇಶವನ್ನು ಇಷ್ಟು ಮಿತವಾದ ಸಾಮಗ್ರಿಯಿಂದ ನಿರ್ಮಿಸುವುದು ರಚನಾಕೌಶಲವಲ್ಲದೆ ಮತ್ತೇನು?

ಇನ್ನು ವರ್ತಕನ ಕೈಯಲ್ಲಿ ಇಂಥ ಕೃತಿಗೆ ಏನಾಗುತ್ತದೆಂಬುದನ್ನು ನೋಡಬೇಕು. ಚೌಕಾಬಾರದ ದೊಡ್ಡ ಬಂಧುವಾದ ಪಚ್ಚೀಸಿಯಲ್ಲಿ ನಾಲ್ವರು ಇಬ್ಬಿಬ್ಬರಾಗಿ ಜೊತೆಗೂಡಿ ಆಡುತ್ತಾರೆ. ತನ್ನ ಕಾಯನ್ನು ಹಣ್ಣುಮಾಡಿಕೊಳ್ಳುವುದೇ, ಜೊತೆಗಾರನ ಸಹಾಯಕ್ಕೆ ನಿಲ್ಲಿಸಿಕೊಳ್ಳುವುದೇ ಎಂಬ ವಿವೇಚನೆ ಅಲ್ಲಿ ಹೆಜ್ಜೆಹೆಜ್ಜೆಗೂ ಬೇಕು. ಇದೇ ಆಟ ಇಂಗ್ಲೆಂಡಿಗೆ ಹೋಗಿ ೧೮೯೬ರಲ್ಲಿ ಲೂಡೊ ಎಂಬ ಹೆಸರಿನಿಂದ ಪೇಟೆಂಟಾಯಿತು. ಜೊತೆಗಾರಿಕೆ ಹೋಯಿತು; ಕವಡೆಗಳು ಹೋಗಿ ಆರು ಮುಖದ ಒಂದೇ ದಾಳ ಬಂದಿತು; ಎಲ್ಲ ಗರಗಳೂ ಬೀಳುವ ಸಂಭವ ಒಂದೇ ಆಯಿತು. ಮಕ್ಕಳು ಬೇಗ ಕಲಿಯಬೇಕು, ಬೆಲೆ ಅಗ್ಗವಾಗಬೇಕು ಎಂಬ ವರ್ತಕನ ಕಾರಣಗಳನ್ನು ಹಳಿಯಬೇಕಾಗಿಲ್ಲ. ಶೋಚನೀಯವಾದುದು ಬೇರೆ: ಆ ಇಳಿದ ರೂಪವನ್ನೇ ನಾವು ಮರಳಿ ಕೊಂಡು, ಮೂಲವನ್ನು ಅಟ್ಟಕ್ಕೆ ಹಾಕಿದೆವು. ಪರಮಪದಸೋಪಾನದ ಪಾಡೂ ಇದೇ. ಏಣಿಗೊಂದು ಗುಣ, ಹಾವಿಗೊಂದು ದೋಷ ಎಂದು ಬರೆದಿದ್ದ ಹೆಸರುಗಳೆಲ್ಲ ಪೇಟೆಯ ಮುದ್ರಣಗಳಲ್ಲಿ ಉದುರಿಹೋಗಿ, ಹಾವು ಏಣಿಗಳು ಮಾತ್ರ ಉಳಿದುವು.

ಕರ್ತೃವಿನ ಹೆಸರು ಅಳಿದರೆ ಕೃತಿಯ ಅಭಿಪ್ರಾಯವೂ ಅಳಿಯುತ್ತದೆಂಬುದಕ್ಕೆ ಅಮೆರಿಕದಲ್ಲಿ ಒಳ್ಳೆಯ ನಿದರ್ಶನವಿದೆ. ಎಲಿಜಬೆತ್ ಮ್ಯಾಗೀ ಎಂಬ ಮಹಿಳೆ ಭೂಮಾಲಿಕರ ಏಕಸ್ವಾಮ್ಯದ ಕೇಡನ್ನು ತೋರಿಸಿಕೊಡಲೆಂದು ಒಂದು ಆಟವನ್ನು ರಚಿಸಿ ೧೯೦೪ರಲ್ಲಿ ಪೇಟೆಂಟು ಪಡೆದಳು. ಅದು ಕೈಯಿಂದ ಕೈಗೆ ದಾಟಿ, ರೂಪಾಂತರ ಹೊಂದಿ, ೧೯೩೫ರಲ್ಲಿ ಚಾರ್ಲ್ಸ್ ಡ್ಯಾರೋ ಎಂಬವನ ಹೆಸರಿನಲ್ಲಿ ಮೊನಾಪೊಲಿಯಾಗಿ ಪಾರ್ಕರ್ ಬ್ರದರ್ಸ್ ಪ್ರಕಾಶಕರಿಂದ ಹೊರಬಂದಿತು. ಮ್ಯಾಗೀಗೆ ಆಕೆಯ ಪೇಟೆಂಟಿಗಾಗಿ ದೊರೆತದ್ದು ೫೦೦ ಡಾಲರು. ಏಕಸ್ವಾಮ್ಯವನ್ನು ಖಂಡಿಸಲು ಹುಟ್ಟಿದ ಆಟ ಏಕಸ್ವಾಮ್ಯದ ಸುಖವನ್ನು ಕಲಿಸುವ ಆಟವಾಯಿತು. ನಮ್ಮ ಮಕ್ಕಳು ಬೊಂಬಾಯಿ ಕಲ್ಕತ್ತೆಗಳನ್ನು ಕೊಂಡು ಬಾಡಿಗೆ ವಸೂಲುಮಾಡುವ ‘ವ್ಯಾಪಾರ’ದ ಆಟವು ಇದರ ಸಂತತಿಯೇ.

ಇದಕ್ಕೆ ಪರಿಹಾರ ಕಂಡುಕೊಂಡವರು ಜರ್ಮನಿಯವರು. ೧೯೭೯ರಿಂದ ಅಲ್ಲಿ ಆಟಗಳ ವಿಮರ್ಶಕರೇ ಸೇರಿ ವರ್ಷಕ್ಕೊಂದು ಆಟವನ್ನು ಆರಿಸಿ ಬಹುಮಾನ ಕೊಡುತ್ತಾರೆ. ೧೯೮೮ರಲ್ಲಿ ನ್ಯೂರೆಂಬರ್ಗಿನ ಆಟಿಕೆಗಳ ಜಾತ್ರೆಯಲ್ಲಿ ನೆರೆದಿದ್ದ ಕೆಲವು ಮಂದಿ ಕರ್ತೃಗಳು, ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಅಚ್ಚುಮಾಡದ ಪ್ರಕಾಶಕರಿಗೆ ಆಟ ಕೊಡುವುದಿಲ್ಲವೆಂದು ಬೀರಿನ ಲೋಟದಡಿಯ ರಟ್ಟಿನ ಮೇಲೆ ಬರೆದು ರುಜು ಹಾಕಿದರು. ರಟ್ಟು ಸಣ್ಣದು; ಪರಿಣಾಮ ದೊಡ್ಡದು. ೧೯೯೫ರಲ್ಲಿ ಬಹುಮಾನ ಪಡೆದ ಕ್ಲೌಸ್ ಟಾಯ್ಬರನ ‘ಕಟಾನ್’ ದೇಶದೇಶಗಳಿಗೆ ಹಬ್ಬಿತು. ವಿಮರ್ಶೆಯು ವ್ಯಾಪಾರಕ್ಕೆ ವಿಘ್ನವೆಂದು ತಿಳಿಯುವವರು ಇದನ್ನು ಗಮನಿಸಬೇಕು. ಅಲ್ಲಿ ಪೇಟೆಯನ್ನು ಬೆಳೆಸುವುದರಲ್ಲಿ ವಿಮರ್ಶೆಯ ಪಾಲು ಸಣ್ಣದಲ್ಲ.

ನಮ್ಮ ನಾಡಿನಲ್ಲಿ ಕರ್ತೃಗಳೇ ಇರಲಿಲ್ಲವೆಂದಲ್ಲ. ೧೧೨೯ರ ಸುಮಾರಿಗೆ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ವಿಶಾಲವಾದ ಸ್ಥಳವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳ ಕರ್ತೃಗಳೆಂದು ನಿಸ್ಸಂದೇಹವಾಗಿ ಹೇಳಬಹುದಾದವರು. ೧೮೩೧ರಲ್ಲಿ ಆಡಳಿತವು ಕೈತಪ್ಪಿದ ಮೇಲೆ ಅವರ ಬುದ್ಧಿ ಕಲೆಗಳ ಕಡೆಗೆ ಹರಿಯಿತು. ಶ್ರೀತತ್ತ್ವನಿಧಿಯ ಕೊನೆಯದಾದ ಕೌತುಕನಿಧಿಯಲ್ಲಿ ೩೬ ಎಲೆಗಳಿಂದ ೩೬೦ ಎಲೆಗಳವರೆಗಿನ ‘ಛದ’ದ ಆಟಗಳ ವಿವರಣೆಯಿದೆ, ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ನಡೆಸುವ ಬಂಧಗಳನ್ನೂ ಅವರು ರಚಿಸಿದರು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಆಟದ ಪಟಗಳಿವೆ. ರಚನೆಯ ದೃಷ್ಟಿಯಿಂದ ಇವು ಅಸಾಧಾರಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ೧೨೦ ಎಲೆಗಳ ದಶಾವತಾರ ಗಂಜೀಫವೇ ಮನೆಯವರಿಗೆ ಭಾರವಾಗಿರುವಾಗ, ೩೬೦ ಎಲೆಗಳನ್ನು ಹಿಡಿಯುವ ಕೈ ಯಾವುದು? ಬರೆಸುವ ಹಣ ಯಾರದು? ಆ ಆಟಗಳು ಮನೆಮನೆಯ ಆಟಗಳಾಗಲಿಲ್ಲ. ಕರ್ತೃವಿದ್ದೂ ಪ್ರಕಾಶಕನಿಲ್ಲದ ಸ್ಥಿತಿ ಅದು.

ಈಚೆಗೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಆಟಗಳನ್ನು ಕುಶಲಕರ್ಮಿಗಳ ಕೈಯಿಂದ ಮತ್ತೆ ಮಾಡಿಸಿ ಜನರ ಮುಂದೆ ತಂದಿದೆ. ಇದು ಸ್ತುತ್ಯವಾದ ಕಾರ್ಯ. ಆದರೂ ಒಟ್ಟಿನಲ್ಲಿ ಪೇಟೆಯನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಹಾಸು ಚೆಲುವಾಗಿರುತ್ತದೆ, ಕಾಯಿಗಳು ನಯವಾಗಿರುತ್ತವೆ. ನಿಯಮದ ಚೀಟಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೆ ಇಂಗ್ಲಿಷನ್ನು ಎಡವುತ್ತ ಅನುಸರಿಸುವ ಕನ್ನಡದಲ್ಲಿರುತ್ತದೆ. ‘ಗರ’, ‘ಕಟ್ಟೆ’, ‘ಹಣ್ಣು’ ಎಂಬ ಜೀವಂತ ಮಾತುಗಳಿರುವಾಗ ‘ಸುರಕ್ಷಿತ ಚೌಕ’, ‘ಅಂತಿಮ ಗುರಿ’ ಎಂದು ಬರೆಯುವುದೇಕೆ? ಜೋಡಿಯಾಗಿ ನಿಂತ ಕಾಯಿಗಳನ್ನು ಹೊಡೆಯಬಹುದೆ? ಚೌಕವು ಮೂರು ಸಲ ಸಾಲಾಗಿ ಬಿದ್ದರೆ ಲೆಕ್ಕವುಂಟೆ, ಇಲ್ಲವೆ? ಮನೆಗಳಲ್ಲಿ ಜಗಳ ಹುಟ್ಟುವುದೇ ಇಲ್ಲಿ; ಚೀಟಿ ಮೌನವಾಗಿರುವುದೂ ಇಲ್ಲಿಯೇ. ನಿಯಮವಿಲ್ಲದ ಹಾಸು ಗಾಜಿನ ಬೀರುವಿನ ಅಲಂಕಾರವಾಗುತ್ತದೆ. ನಿಯಮವು ಆಟದ ಶರೀರ. ಮಣೆ ಅದರ ಉಡುಪು.

ಈ ಮಾತು ನಮ್ಮ ಜಿಲ್ಲೆಗೆ ವಿಶೇಷವಾಗಿ ಸಲ್ಲುತ್ತದೆ. ದಾವಣಗೆರೆ ಹತ್ತಿಯ ಗಿರಣಿಗಳಿಂದ ಹೆಸರಾದ ಊರು. ಪಗಡೆಯ ಹಾಸು ಬಟ್ಟೆಯದೇ. ಹರಿಹರವು ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಯಂತ್ರಗಳಿಂದ ಪ್ರಸಿದ್ಧವಾಗಿದ್ದ ಊರು. ಕಾಯಿ ಕಡೆಯುವುದಕ್ಕೆ ಬೇಕಾದುದು ಲೇತೇ. ರಟ್ಟು, ಬಟ್ಟೆ, ಮರ, ಅಚ್ಚು ಇವುಗಳನ್ನು ಕೂಡಿಸುವ ಸಣ್ಣ ಉದ್ಯಮವೊಂದು ನಮ್ಮ ಕರೂರು ಕೈಗಾರಿಕಾ ಪ್ರದೇಶದಲ್ಲಿ ತಲೆಯೆತ್ತಬಾರದೇಕೆ? ತೊಡಕುಗಳಿಲ್ಲದಿಲ್ಲ. ಸ್ವಲ್ಪ ಅಚ್ಚುಮಾಡಿದರೆ ಬಿಡಿ ಬೆಲೆ ಏರುತ್ತದೆ. ಬಹಳ ಅಚ್ಚುಮಾಡಿದರೆ ಸರಕು ಉಗ್ರಾಣದಲ್ಲಿ ಕೊಳೆಯುತ್ತದೆ. ೨೦೨೧ರಿಂದ ೧೪ ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಗಿದೆ. ಅದರ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವೆಲ್ಲ ವರ್ತಕನು ಬಿಡಿಸಿಕೊಳ್ಳಬಲ್ಲ ಗಂಟುಗಳು.

ಅವನೊಬ್ಬನೇ ಬಿಡಿಸಲಾರದ ಗಂಟು ನಿಯಮದ ಬರೆಹ. ಅದು ಸಾಹಿತ್ಯ ಸಂಘಗಳ ಕೆಲಸ. ಊರೂರಿನ ಪಾಠಾಂತರಗಳನ್ನು ಸಂಗ್ರಹಿಸಿ, ಹಳಗನ್ನಡ ಕಾವ್ಯಗಳನ್ನು ಪರಿಷ್ಕರಿಸುವಷ್ಟೇ ಶ್ರದ್ಧೆಯಿಂದ ಪರಿಷ್ಕರಿಸಬೇಕು. ಬರೆದ ನಿಯಮವನ್ನು ಆಟವರಿಯದ ನಾಲ್ವರ ಕೈಗೆ ಕೊಟ್ಟು, ಬರೆದವನು ಬಾಯಿ ಬಿಡದೆ ದೂರ ಕುಳಿತಿರಬೇಕು; ಅವರು ಜಗಳವಿಲ್ಲದೆ ಆಡಿ ಮುಗಿಸಿದರೆ ಬರೆಹ ಸಿದ್ಧವಾಯಿತೆಂದು ತಿಳಿಯಬಹುದು. ಪರಂಪರೆಯ ಆಟಕ್ಕೆ ಯಾರ ಹೆಸರು ಹಾಕಬೇಕೆಂಬ ಆಕ್ಷೇಪಕ್ಕೆ ಸಮಾಧಾನವಿದೆ: ಹೇಳಿಕೊಟ್ಟವರ ಹೆಸರು, ಅವರ ಊರಿನ ಹೆಸರು ಸಾಕು. ಹೊಸ ಆಟವಾದರೆ ಕರ್ತೃವಿನ ಹೆಸರು ಪೆಟ್ಟಿಗೆಯ ನೆತ್ತಿಯ ಮೇಲೆ ಇರಲಿ. ಇನ್ನು ಧರ್ಮರಾಯನ ಪಾಡನ್ನು ನೆನೆದು ಇಂಥ ಆಟಗಳಿಗೇ ಅಂಜುವವರಿಗೆ ಹೇಳಬೇಕಾದುದಿಷ್ಟೆ: ಅವನನ್ನು ಕೆಡಿಸಿದ್ದು ಪಣ, ಹಾಸಲ್ಲ.

ಪುಸ್ತಕವನ್ನು ಒಬ್ಬೊಬ್ಬರಾಗಿ ಓದುತ್ತೇವೆ. ಆಟವನ್ನು ನಾಲ್ವರು ಕೂಡಿ ಓದಬೇಕು. ಹಾಗೆ ಕೂಡಿ ಓದುವ ಕೃತಿಯ ಭಾಷೆ ಮನೆಯ ಭಾಷೆಯೇ ಆಗಿರಬೇಕೆಂಬುದನ್ನು ವರ್ತಕನು ತಾನಾಗಿ ನೆನೆಯಲಾರನು; ನೆನಪುಮಾಡಿಕೊಡುವ ಭಾರ ಕೊಳ್ಳುವವರಾದ ನಮ್ಮ ಮೇಲಿದೆ.