ಡಿಮೀಟರ್ ಹತ್ತಲು ವಿಮರ್ಶೆಯ ಅಡ್ಡಿಯೇ?

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಏಳನೇ ಅಧ್ಯಾಯ. ಅಲ್ಲಿ ಕೋಟೆ ಇಲ್ಲ, ರಕ್ತ ಹೀರುವ ಕೌಂಟ್ ಡ್ರಾಕುಲಾನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಇರುವುದು ಡಿಮೀಟರ್ ಎಂಬ ಹಾಯಿ ಹಡಗು, ಅದರ ಕಪ್ತಾನ ಬರೆದಿಟ್ಟ ಕೆಲವೇ ಪುಟಗಳ ದಿನಚರಿ. ಕಪ್ಪು ಸಮುದ್ರದ ವಾರ್ನಾ ಬಂದರಿನಿಂದ ಇಂಗ್ಲೆಂಡಿನ ವಿಟ್ಬಿಗೆ ಪಯಣ. ಹಡಗಿನಲ್ಲಿ ಐವರು ನಾವಿಕರು, ಕಪ್ತಾನನ ಕೈಕೆಳಗಿನ ಇಬ್ಬರು ಮೇಟ್‌ಗಳು, ಒಬ್ಬ ಅಡುಗೆಯವ ಮತ್ತು ಕಪ್ತಾನ. ಸರಕು ಎಂದರೆ ಮರಳು, ಜೊತೆಗೆ ಮಣ್ಣು ತುಂಬಿದ ಪೆಟ್ಟಿಗೆಗಳು.

ಕಪ್ತಾನ ಬರೆಯುವುದು ಗಾಳಿ ಎತ್ತ ಬೀಸಿತು, ಯಾವ ಭೂಶಿರ ದಾಟಿದೆವು, ಪಹರೆಗೆ ಯಾರು ನಿಂತರು ಎಂಬಷ್ಟನ್ನೇ. ಜುಲೈ 16ರಂದು ಒಬ್ಬ ನಾವಿಕ ಕಾಣೆಯಾಗುತ್ತಾನೆ. ಮರುದಿನ ಇನ್ನೊಬ್ಬ ಬಂದು, ಎತ್ತರದ ತೆಳ್ಳನೆಯ ಅಪರಿಚಿತನೊಬ್ಬ ಡೆಕ್ ಮೇಲೆ ನಡೆದು ಹೋಗಿ ಮಾಯವಾದ ಎನ್ನುತ್ತಾನೆ. ಹಡಗನ್ನೆಲ್ಲ ಜಾಲಾಡುತ್ತಾರೆ. ಆ ದೊಡ್ಡ ಪೆಟ್ಟಿಗೆಗಳನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ಒಬ್ಬೊಬ್ಬರಾಗಿ ಜನ ಕರಗುತ್ತಾರೆ. ಕೊನೆಗೆ ಮೇಟ್ ಪೆಟ್ಟಿಗೆ ತೆರೆಯಲು ಕೆಳಗಿಳಿಯುತ್ತಾನೆ, ಚೀರುತ್ತ ಮೇಲೆ ಬಂದು ಸಮುದ್ರಕ್ಕೆ ಹಾರುತ್ತಾನೆ. ಒಂಟಿಯಾದ ಕಪ್ತಾನ ಶಿಲುಬೆಯ ಸಮೇತ ತನ್ನ ಕೈಗಳನ್ನು ಚುಕ್ಕಾಣಿಗೆ ಕಟ್ಟಿಕೊಳ್ಳುತ್ತಾನೆ. ಬಿರುಗಾಳಿಯಲ್ಲಿ ಹಡಗು ವಿಟ್ಬಿಯ ದಡಕ್ಕೆ ಬಂದು ಬಡಿದಾಗ ಚುಕ್ಕಾಣಿ ಹಿಡಿದಿರುವುದು ಅವನ ಹೆಣ. ಒಳಗಿನಿಂದ ಭಾರೀ ನಾಯಿಯೊಂದು ನೆಗೆದು ಕತ್ತಲಲ್ಲಿ ಮರೆಯಾಗುತ್ತದೆ. ಹಡಗಿನಲ್ಲಿ ಇದ್ದದ್ದು ಏನು ಎಂದು ಓದುಗನಿಗೆ ಮೊದಲ ಸಾಲಿನಿಂದಲೇ ಗೊತ್ತು. ಬರೆಯುತ್ತಿರುವವನಿಗೆ ಗೊತ್ತಿಲ್ಲ. ನನ್ನನ್ನು ಮತ್ತೆ ಮತ್ತೆ ಆ ಪುಟಗಳಿಗೆ ಎಳೆಯುವುದು ಅದೇ.

ಸ್ಟೋಕರ್ ಈ ಹಡಗನ್ನು ಬರೀ ಕಲ್ಪನೆಯಿಂದ ಕಟ್ಟಲಿಲ್ಲ. 1885ರ ಅಕ್ಟೋಬರ್ 24ರಂದು ನಾರ್ವಾ ಬಂದರಿನ ದ್ಮಿತ್ರಿ ಎಂಬ ರಷ್ಯನ್ ಹಡಗು ಬಿರುಗಾಳಿಗೆ ಸಿಕ್ಕಿ ವಿಟ್ಬಿಯ ಮರಳದಂಡೆ ಏರಿತ್ತು. 1890ರ ಬೇಸಿಗೆಯಲ್ಲಿ ಅಲ್ಲಿ ತಂಗಿದ್ದ ಸ್ಟೋಕರ್ ಆ ಸಂಗತಿಯನ್ನು ತಿಳಿದುಕೊಂಡ. ನಾರ್ವಾದ ಅಕ್ಷರಗಳು ಅತ್ತಿತ್ತಾಗಿ ವಾರ್ನಾ ಆಯಿತು, ದ್ಮಿತ್ರಿ ಡಿಮೀಟರ್ ಆಯಿತು. ದ್ಮಿತ್ರಿಯೊಳಗಿದ್ದ ಮರಳು ಕೂಡ ಕಾದಂಬರಿಯೊಳಕ್ಕೆ ಬಂತು.

ಇಂಥ ಅಧ್ಯಾಯವನ್ನು ಸಿನಿಮಾದವರು ಬಹುಕಾಲ ಅವಸರದಲ್ಲೇ ದಾಟಿದರು. ಬೆಲಾ ಲುಗೋಸಿ ನಟಿಸಿದ 1931ರ ‘ಡ್ರಾಕುಲಾ’ ಚಿತ್ರದಲ್ಲಿ ಹಡಗು ಕಾಣುವುದು ಕೆಲವು ಕ್ಷಣ ಮಾತ್ರ. ಅಲ್ಲಿನ ಬಿರುಗಾಳಿಯ ತುಣುಕುಗಳೂ ಹಳೆಯ ಮೂಕಿ ಚಿತ್ರವೊಂದರಿಂದ ತಂದವು. 1992ರಲ್ಲಿ ಅದೇ ಕಾದಂಬರಿಯನ್ನು ಚಿತ್ರ ಮಾಡಿದ ಕೊಪೊಲ ಕೂಡ ಅಲ್ಲಿ ಹೆಚ್ಚು ನಿಲ್ಲಲಿಲ್ಲ. ನಿಂತು ನೋಡಿದವನು 1922ರ ‘ನೊಸ್ಫೆರಾಟು’ ಮಾಡಿದ ಮುರ್ನೌ. ಹಡಗಿನೊಳಗೆ ಶವಪೆಟ್ಟಿಗೆಯಿಂದ ಕೌಂಟ್ ಮರದ ಹಲಗೆಯಂತೆ ನೆಟ್ಟಗೆ ಎದ್ದು ನಿಲ್ಲುವ ದೃಶ್ಯ ಇಂದಿಗೂ ಮೈ ನಡುಗಿಸುತ್ತದೆ. ಅನುಮತಿ ಪಡೆಯದೆ ತೆಗೆದ ಚಿತ್ರವೆಂದು ಸ್ಟೋಕರನ ವಿಧವೆ ದಾವೆ ಹೂಡಿದ್ದರು, ಪ್ರತಿಗಳನ್ನು ನಾಶ ಮಾಡುವಂತೆ ಕೋರ್ಟ್ ಆಜ್ಞೆಯೂ ಆಗಿತ್ತು. ಕೆಲವು ಪ್ರತಿಗಳು ಉಳಿದದ್ದು ನಮ್ಮ ಭಾಗ್ಯ.

ಹೀಗಾಗಿ ಬರೀ ಆ ಹಡಗಿನ ಮೇಲೆಯೇ ಒಂದು ಪೂರ್ತಿ ಚಿತ್ರ, ‘ದ ಲಾಸ್ಟ್ ವಾಯೇಜ್ ಆಫ್ ದ ಡಿಮೀಟರ್’, ಬರುತ್ತದೆ ಎಂದಾಗ ನನ್ನ ಸಂತೋಷಕ್ಕೆ ಎಣೆಯಿರಲಿಲ್ಲ. ವರ್ಷಗಟ್ಟಲೆ ನಿರ್ದೇಶಕರ ಕೈಯಿಂದ ಕೈಗೆ ಅಲೆದ ಚಿತ್ರಕಥೆ ಅದು. ಕೊನೆಗೆ ನಾರ್ವೆಯ ಆಂಡ್ರೆ ಓವ್ರೆಡಾಲ್ ಕೈಗೆ ಬಂತು. ಶವಾಗಾರವೊಂದರೊಳಗೇ ನಡೆಯುವ ‘ದಿ ಆಟಾಪ್ಸಿ ಆಫ್ ಜೇನ್ ಡೋ’ದಲ್ಲಿ, ನಾಲ್ಕು ಗೋಡೆಗಳ ನಡುವೆ ಭಯವನ್ನು ಹೇಗೆ ಹದವಾಗಿ ಬೇಯಿಸಬೇಕೆಂದು ತೋರಿಸಿಕೊಟ್ಟವರು. 2023ರ ಆಗಸ್ಟಿನಲ್ಲಿ ಚಿತ್ರ ಬಂತು, ಹಿಂದೆಯೇ ವಿಮರ್ಶೆಗಳೂ ಬಂದವು. ಅರ್ಧದಷ್ಟು ವಿಮರ್ಶಕರು ಕೈಬಿಟ್ಟರು. ಸುಮಾರು 4.5 ಕೋಟಿ ಡಾಲರ್ ಸುರಿದದ್ದಕ್ಕೆ ಅದರ ಅರ್ಧದಷ್ಟೂ ಗಳಿಕೆಯಾಗಲಿಲ್ಲ.

ಆ ವಿಮರ್ಶೆಗಳನ್ನು ಓದಿದ ಮೇಲೂ ನನ್ನ ಕಾತರ ತಗ್ಗಲಿಲ್ಲ. ವಿಮರ್ಶಕ ನೋಡುವುದು ಚಿತ್ರ ಒಟ್ಟಾರೆ ಗೆದ್ದಿತೇ ಎಂದು. ಅದು ಅವರ ಕೆಲಸ, ಅದರಲ್ಲಿ ತಪ್ಪಿಲ್ಲ. ಪುಸ್ತಕ ಓದಿಕೊಂಡವನು ಬೇರೆಯದೇ ಹಸಿವು ಹೊತ್ತು ಹೋಗುತ್ತಾನೆ. ಮನಸ್ಸಿನಲ್ಲಿ ಇಷ್ಟು ಕಾಲ ಓಡಾಡಿಕೊಂಡಿದ್ದ ಒಂದು ಪುಟಕ್ಕೆ ಮರ, ಹಗ್ಗ, ಮಳೆ, ದೀಪದ ಬೆಳಕು ಕೂಡಿಬಂದರೆ ಹೇಗಿರುತ್ತದೆ ಎಂದು ನೋಡಬೇಕು ಅವನಿಗೆ. ಚಿತ್ರ ಸೋತರೂ ಆ ಪುಟ ಗೆದ್ದಿರಬಹುದು.

ವಿಮರ್ಶಕರ ದೊಡ್ಡ ದೂರು, ಎಲ್ಲರೂ ಸಾಯುತ್ತಾರೆಂದು ಮೊದಲೇ ಗೊತ್ತಿದ್ದ ಮೇಲೆ ಕುತೂಹಲ ಎಲ್ಲಿಯದು ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ‘ಅಭಿಮನ್ಯು ಕಾಳಗ’ ನೋಡಲು ರಾತ್ರಿಯಿಡೀ ಕೂರುವ ಯಕ್ಷಗಾನದ ಪ್ರೇಕ್ಷಕರಲ್ಲಿ ಯಾರಿಗೆ ಆ ಹುಡುಗನ ಗತಿ ಗೊತ್ತಿಲ್ಲ? ಗೊತ್ತಿರುವುದರಿಂದಲೇ ಹೊಟ್ಟೆಯಲ್ಲಿ ಸಂಕಟ. ಕೌಂಟ್ ಬರೀ ರಾಕ್ಷಸನಾಗಿಬಿಟ್ಟ ಎಂಬ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಆ ಪಾತ್ರ ಮಾಡಿದ ಹಾವಿಯರ್ ಬೊಟೆಟ್ ಅವರ ನೀಳ ದೇಹ ಅದ್ಭುತವೇ, ಆದರೆ ರೆಕ್ಕೆ ಬಿಚ್ಚಿ ಹಾರುವ ಆ ಬಾವಲಿ ದೇಹಕ್ಕಿಂತ ದಿನಚರಿಯ ಎತ್ತರದ ತೆಳ್ಳನೆಯ ಮನುಷ್ಯನೇ ಹೆಚ್ಚು ಹೆದರಿಸುತ್ತಾನೆ. ಮನುಷ್ಯನಂತೆ ಕಂಡದ್ದು ಡೆಕ್ ತುದಿಯಲ್ಲಿ ಇಲ್ಲವಾಗುವುದು, ಅಷ್ಟೇ ಸಾಕಿತ್ತು. ಬದುಕುಳಿದ ಒಬ್ಬನನ್ನು ಲಂಡನ್‌ವರೆಗೆ ಕರೆತಂದದ್ದೂ ನನಗೆ ಹಿಡಿಸಲಿಲ್ಲ. ಡಿಮೀಟರ್‌ನಿಂದ ದಿನಚರಿಯೊಂದೇ ಉಳಿಯಬೇಕು.

ಆದರೂ ನೋಡದಿದ್ದರೆ ಏನು ಕಳೆದುಕೊಳ್ಳುತ್ತಿದ್ದೆ ಹೇಳುತ್ತೇನೆ. ಕಪ್ತಾನನ ಮೊಮ್ಮಗ ಟೋಬಿ ಹಡಗಿಗೆ ಹೊಸದಾಗಿ ಬಂದ ವೈದ್ಯನಿಗೆ ಒಂದು ವಿದ್ಯೆ ಕಲಿಸುತ್ತಾನೆ: ಮರವನ್ನು ಗೆಣ್ಣಿನಿಂದ ಬಡಿದರೆ ಸದ್ದು ಹಡಗಿನ ಉದ್ದಕ್ಕೂ ಹರಿಯುತ್ತದೆ, ಎಲ್ಲಿದ್ದವರಿಗೂ ಕೇಳುತ್ತದೆ. ಮಕ್ಕಳಾಟದ ಹಾಗಿರುವ ಆ ಬಡಿತವನ್ನು ಕೆಳಗಿನ ಕತ್ತಲಲ್ಲಿರುವುದೂ ಕಲಿತುಬಿಡುತ್ತದೆ. ಕಾದಂಬರಿಯಲ್ಲಿ ಇಲ್ಲದ, ಆದರೆ ಕಾದಂಬರಿಗೆ ನೂರಕ್ಕೆ ನೂರು ಒಪ್ಪುವ ಕಲ್ಪನೆ. ಮುಂದೆ ಆ ಮಗುವಿನ ಶವವನ್ನು ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಒಪ್ಪಿಸುವ ಹೊತ್ತಿನಲ್ಲಿ ಬಟ್ಟೆ ಅಲುಗಾಡಿದಂತಾಗುತ್ತದೆ. ಬದುಕಿದೆ ಎಂಬ ಆಸೆಯಿಂದ ಕಪ್ತಾನ ಅದನ್ನು ಬಿಚ್ಚುತ್ತಾನೆ. ಹಗಲ ಬೆಳಕು ಬಿದ್ದೊಡನೆ ಮೊಮ್ಮಗ ಅವನ ಕಣ್ಣೆದುರೇ ಹೊತ್ತಿ ಉರಿಯುತ್ತಾನೆ. ಕಪ್ತಾನನ ಪಾತ್ರದ ಲಿಯಮ್ ಕನಿಂಗ್‌ಹ್ಯಾಮ್ ಅವರ ಮುಖ ನೋಡಿದ ಮೇಲೆ, ಹೆಸರೇ ಇಲ್ಲದ ಸ್ಟೋಕರನ ಕಪ್ತಾನ ನನಗೆ ಎಂದಿಗೂ ಆ ಮುಖದಲ್ಲೇ ಕಾಣುತ್ತಾನೆ. ಮೊದಲು ಅನುಮಾನವಿದ್ದ ಭಯಾನಕ ಕಥೆಗಳ ಲೇಖಕ ಸ್ಟೀಫನ್ ಕಿಂಗ್ ಕೂಡ ನೋಡಿದ ಮೇಲೆ, ಹ್ಯಾಮರ್ ಸಂಸ್ಥೆಯ ಹಳೆಯ ಭಯಾನಕ ಚಿತ್ರಗಳ ಉತ್ತಮ ದಿನಗಳು ನೆನಪಾದವು ಎಂದು ಮೆಚ್ಚಿಕೊಂಡರು.

ಬೈಸಿಕೊಂಡ ಚಿತ್ರಗಳೆಲ್ಲ ಒಳ್ಳೆಯವೇನಲ್ಲ. ಶರ್ಲಿ ಜಾಕ್ಸನ್ ಕಾದಂಬರಿಯನ್ನು ಆಧರಿಸಿದ 1999ರ ‘ದ ಹಾಂಟಿಂಗ್’ ಬಗ್ಗೆ ವಿಮರ್ಶಕರು ಬರೆದದ್ದೆಲ್ಲ ನಿಜ. ಅದೇ ಕಾದಂಬರಿಯ 1963ರ ಕಪ್ಪು ಬಿಳುಪು ಚಿತ್ರ ಒಂದು ಬಾಗಿಲು ಉಬ್ಬಿದ್ದನ್ನು ತೋರಿಸಿ ಸಾಧಿಸಿದ್ದನ್ನು 1999ರದ್ದು ಕಂಪ್ಯೂಟರಿನ ಭಾರೀ ಕಸರತ್ತಿನಲ್ಲೂ ಸಾಧಿಸಲಿಲ್ಲ. ಆದರೆ ಜಾನ್ ಕಾರ್ಪೆಂಟರ್ ಅವರ ‘ದ ಥಿಂಗ್’ ಕಥೆ ಬೇರೆ. ಜಾನ್ ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ನೀಳ್ಗತೆಯಿಂದ ಹುಟ್ಟಿದ ಅದು 1982ರ ಜೂನ್‌ನಲ್ಲಿ, ‘ಇ.ಟಿ.’ ಬಂದ ಎರಡೇ ವಾರಕ್ಕೆ ತೆರೆಕಂಡಿತು. ಅಸಹ್ಯ ಎಂದು ಹೀಗಳೆದವರೇ ಹೆಚ್ಚು. ಇಂದು ಭಯಾನಕ ಚಿತ್ರಗಳ ಯಾವ ಗಂಭೀರ ಮಾತುಕತೆಯೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಹಾಗಾಗಿ ವಿಮರ್ಶೆಯಲ್ಲಿ ನಾನು ಅಂಕಗಳನ್ನು ಬಿಟ್ಟು ದೂರುಗಳನ್ನು ಓದುತ್ತೇನೆ. ‘ನಿಧಾನ’, ‘ಕತ್ತಲು ಜಾಸ್ತಿ’, ‘ಹಳೆಯ ಕಾಲದ್ದು’ ಎಂಬ ದೂರುಗಳಿದ್ದರೆ ಟಿಕೆಟ್ ತೆಗೆದುಕೊಳ್ಳುತ್ತೇನೆ. ‘ಎಲ್ಲವನ್ನೂ ತೋರಿಸಿಬಿಟ್ಟಿದ್ದಾರೆ’ ಎಂದಿದ್ದರೆ ಸ್ವಲ್ಪ ಯೋಚಿಸುತ್ತೇನೆ.

ಡಿಮೀಟರ್ ಇನ್ನೊಮ್ಮೆ ಹೊರಡಬೇಕು ಎಂಬುದು ನನ್ನ ಆಸೆ. ಈ ಸಲ ಕ್ಯಾಮೆರಾ ಕಪ್ತಾನನ ಕಣ್ಣು ಬಿಟ್ಟು ಆಚೆ ಹೋಗಬಾರದು. ಅವನಿಗೆ ಕಾಣದ್ದು ನಮಗೂ ಕಾಣಬಾರದು; ಪಹರೆಯ ಜಾಗ ಖಾಲಿ, ಮಂಜು, ಮುಚ್ಚಿದ ಪೆಟ್ಟಿಗೆಗಳು, ಅವನ ಲೇಖನಿಯ ಸದ್ದು. ಅಂಥದನ್ನು ಯಾರಾದರೂ ತೆಗೆದರೆ ‘ಏನೂ ನಡೆಯುವುದಿಲ್ಲ’ ಎಂದು ಪತ್ರಿಕೆಗಳು ಬರೆಯುವುದು ಖಂಡಿತ. ಮೊದಲ ದಿನದ ಮೊದಲ ಆಟಕ್ಕೇ ನಾನು ಹೋಗುತ್ತೇನೆ.