ವಿರಾಟ್ ಕಾಯ್ದವರು

ಐಎನ್‌ಎಸ್ ವಿರಾಟ್ ನಿವೃತ್ತಿಯಾದದ್ದು 2017ರ ಮಾರ್ಚ್ 6ರಂದು. ಬ್ರಿಟನ್ನಿನಲ್ಲಿ ಅದರ ನಿರ್ಮಾಣ ಶುರುವಾದದ್ದು 1944ರಲ್ಲಿ! 1959ರಲ್ಲಿ ಎಚ್‌ಎಂಎಸ್ ಹರ್ಮಿಸ್ ಹೆಸರಿನಲ್ಲಿ ಬ್ರಿಟಿಷ್ ನೌಕಾಪಡೆ ಸೇರಿ ದುಡಿದು, 1982ರ ಫಾಕ್‌ಲ್ಯಾಂಡ್ ಯುದ್ಧ ಕಂಡು, 1987ರಲ್ಲಿ ನಮ್ಮ ನೌಕಾಪಡೆ ಸೇರಿದ ವಿಮಾನವಾಹಕ ಅದು. ಇಲ್ಲಿಯೂ ಹತ್ತಿರ ಹತ್ತಿರ 30 ವರ್ಷ ಸೇವೆ ಸಲ್ಲಿಸಿತು.

ಈ ದೀರ್ಘಾಯುಸ್ಸಿನ ಶ್ರೇಯಸ್ಸನ್ನು ನಾನು ಉಕ್ಕಿಗಿಂತ ಉಕ್ಕನ್ನು ಕಾಯ್ದವರಿಗೆ ಕೊಡುತ್ತೇನೆ. ಬಣ್ಣ ಎದ್ದ ಕಡೆ ಉಪ್ಪುನೀರು ಉಕ್ಕನ್ನು ತಿನ್ನದೆ ಬಿಡುವುದಿಲ್ಲ. ತಳಕ್ಕೆ ಚಿಪ್ಪುಜೀವಿಗಳು ಅಂಟಿದರೆ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಡ್ರೈಡಾಕ್‌ನಲ್ಲಿ ನಿಲ್ಲಿಸಿ, ನೀರು ಹೊರಹಾಕಿ ಕೆರೆಯಬೇಕು, ಬಳಿಯಬೇಕು, ಸವೆದ ಸತುವಿನ ಗಟ್ಟಿಗಳನ್ನು ಬದಲಿಸಬೇಕು. ಉಕ್ಕಿನ ಬದಲು ತಾನು ಸವೆಯಲೆಂದೇ ಕೂರಿಸಿದ ಲೋಹವದು. ಎಂಥ ಸೊಗಸಾದ ಉಪಾಯ! ಇನ್ನೂ ಕಷ್ಟದ್ದು ಬಾಯ್ಲರ್. ವಿರಾಟ್ ಓಡುತ್ತಿದ್ದದ್ದು ಹಬೆಯಿಂದ. ಬಾಯ್ಲರಿನ ನೀರಿನಲ್ಲಿ ಉಪ್ಪೋ ಆಮ್ಲಜನಕವೋ ಉಳಿದರೆ ಕೊಳವೆಗಳು ಒಳಗಿನಿಂದಲೇ ಕೊರೆದುಹೋಗುತ್ತವೆ. ಆ ಸುಡುಸೆಕೆಯಲ್ಲಿ ನಿಂತು ಆ ನೀರಿನ ಶುದ್ಧಿ ಕಾಯ್ದ ನಾವಿಕರ ಹೆಸರುಗಳನ್ನು ನಾವು ಕೇಳಿಯೇ ಇಲ್ಲ. ನನಗೆ ಅವರೂ ಯೋಧರೇ.

ಆರೈಕೆ ಸಾಲದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ವಿಮಾನವಾಹಕ ವಿಕ್ರಾಂತ್ ಸಾಕ್ಷಿ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ಹಡಗು 1997ರಲ್ಲಿ ನಿವೃತ್ತಿಯಾಗಿ ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಯಿತು. ಒಡಲು ಶಿಥಿಲವಾಗಿ 2012ರಲ್ಲಿ ಬಾಗಿಲು ಮುಚ್ಚಿತು. 2014ರಲ್ಲಿ ಗುಜರಿಗೆ ಹೋಯಿತು. ಕಟ್ಟಿಹಾಕಿದ ಹಡಗಿಗೂ ಬಣ್ಣ ಬೇಕು, ಡ್ರೈಡಾಕ್ ಬೇಕು, ದುಡ್ಡು ಬೇಕು.

ಕಾರವಾರದ ನೆಲೆಗೆ ಬಂದು ನಿಲ್ಲುವ ವಿಮಾನವಾಹಕ ವಿಕ್ರಮಾದಿತ್ಯವೂ 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದ್ದ ಹಡಗು. ಅದೂ ಹಬೆಯಿಂದಲೇ ಓಡುತ್ತದೆ; ಅದಕ್ಕೂ ಅಂಥದೇ ಕಾಯುವವರು ಬೇಕು.