ಮಳೆಗಾಲದ ಕಳ್ಳಿಗೆ ರಾತ್ರಿಯ ಗಾಳಿ

ಈ ವಾರ ಕಸಿ ಕಟ್ಟುವುದರ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಆದರೆ ಆಟಿಯ ಮಳೆ ಬಿಡುವಂತೆ ಕಾಣುತ್ತಿಲ್ಲ. ಮಂಗಳೂರಿನಿಂದ ಕುಂದಾಪುರದ ತನಕ ಕಳ್ಳಿ ಬೆಳೆಸುವವರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ: ಗಿಡಕ್ಕೆ ಬೂಷ್ಟು ಹಿಡಿದಿದೆ, ಏನು ಹೊಡೆಯಲಿ? ಕಸಿ ಕಾಯುತ್ತದೆ, ಬೂಷ್ಟು ಕಾಯುವುದಿಲ್ಲ.

ಹೊಡೆಯುವ ಮೊದಲು ಭೂತಗನ್ನಡಿ ಹಿಡಿದು ನೋಡಿ. ಮುಳ್ಳಿನ ಬುಡದ ಬಿಳಿ ನೂಲನ್ನು ಕಡ್ಡಿಯಿಂದ ಒತ್ತಿದಾಗ ಅಂಟುರಸ ಬಂದರೆ ಅದು ಬೂಷ್ಟಲ್ಲ, ಹಿಟ್ಟುತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್ ಸಾಕು. ಫೆರೋಕ್ಯಾಕ್ಟಸ್‌ಗಳ ಮುಳ್ಳಿನ ಪಕ್ಕ ಸಿಹಿರಸ ಒಸರುವ ಗ್ರಂಥಿಗಳಿವೆ. ಆ ಸಿಹಿಯ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕೂರುತ್ತದೆ. ನೋಡಲು ಕೆಟ್ಟದು, ಆದರೆ ಗಿಡದೊಳಗೆ ಇಳಿಯುವುದಿಲ್ಲ; ಸೋಪುನೀರಿನಲ್ಲಿ ಮೆತ್ತಗೆ ಉಜ್ಜಿ ಫ್ಯಾನಿನ ಕೆಳಗೆ ಒಣಗಿಸಿ. ಹೆದರಬೇಕಾದದ್ದು ಬುಡ ಕಂದು ತಿರುಗಿ, ಬೆರಳಿಟ್ಟರೆ ಒಳಕ್ಕೆ ಕುಸಿಯುವ ಕೊಳೆಗೆ.

ಕಳ್ಳಿ ಉಸಿರಾಡುವ ರಂಧ್ರಗಳನ್ನು ತೆರೆಯುವುದು ರಾತ್ರಿ. ಇದು ಈ ಅಂಕಣದ ಓದುಗರಿಗೆ ಹೊಸತಲ್ಲ. ಆದರೆ ಅದರಿಂದ ನಾವು ತೆಗೆಯಬೇಕಾದ ಪಾಠವನ್ನು ತೆಗೆದಿಲ್ಲ. ಅದರ ತವರಿನ ಒಣಗಾಳಿ ರಾತ್ರಿಯೂ ಗಿಡದಿಂದ ನೀರು ಎಳೆದುಕೊಳ್ಳುತ್ತದೆ. ಕರಾವಳಿಯ ಜುಲೈ ರಾತ್ರಿಯಲ್ಲಿ ಗಾಳಿಯೇ ನೀರು ತುಂಬಿ ನಿಂತಿರುತ್ತದೆ. ಗಿಡ ನೀರು ಬಿಡಲಾರದು, ಹಾಗಾಗಿ ಬೇರು ಎಳೆಯುವುದಿಲ್ಲ, ಕುಂಡದ ತೇವ ಇದ್ದಲ್ಲೇ ಉಳಿಯುತ್ತದೆ. ಮೈಮೇಲೆ ತೆಳ್ಳನೆ ನೀರಪೊರೆ ಕಟ್ಟುತ್ತದೆ, ಬೂಷ್ಟಿನ ಬೀಜಕಣ ಮೊಳೆಯಲು ಅಷ್ಟೇ ಸಾಕು. ನಾವೋ ಹಗಲು ಫ್ಯಾನ್ ಹಾಕಿ, ಮಲಗುವಾಗ ಆರಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಗಲಿಯ ಟೇಬಲ್ ಫ್ಯಾನ್ ತಿರುಗಬೇಕಾದದ್ದು ರಾತ್ರಿ. ಇದರ ಮುಂದೆ ಯಾವ ಔಷಧಿಯೂ ನಿಲ್ಲುವುದಿಲ್ಲ.

ಇನ್ನು ಕೋಕೋಪೀಟ್. ಅದರ ಬಗ್ಗೆ ಹೇಳಿ ಹೇಳಿ ನನಗೆ ಬೇಸರವಾಗಿಲ್ಲ, ಆಗುವುದೂ ಇಲ್ಲ. ನರ್ಸರಿಗಳಿಗೆ ಅದು ಹಗುರ, ಸಾಗಿಸಲು ಸುಲಭ, ಒಪ್ಪುತ್ತೇನೆ. ಆದರೆ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ, ನೀರು ಹಿಡಿದಿಡುವುದೇ ಗುಣವಾದ ವಸ್ತುವಿನಲ್ಲಿ ಕಳ್ಳಿಯ ಬೇರು ಹೂಳುವುದು ಅನ್ಯಾಯ. ಜರಡಿ ಹಿಡಿದ ಮುರಕಲ್ಲಿನ ಚೂರು, ಸಣ್ಣ ಜಲ್ಲಿ, ಇದ್ದಿಲು, ಒಂದು ಹಿಡಿ ಹಳೆಯ ಗೊಬ್ಬರ, ಸುಟ್ಟ ಮಣ್ಣಿನ ಕುಂಡ. ನಮ್ಮ ಊರಿಗೆ ಇಷ್ಟೇ ಬೇಕು.

ಕೊಳೆಯ ಮಾತಿಗೆ ಬಂದರೆ, ಅಡಿಕೆ ತೋಟದವರಿಗೆ ಗೊತ್ತಿರುವುದು ಕಳ್ಳಿಯವರಿಗೆ ಗೊತ್ತಿಲ್ಲ. ಅಡಿಕೆಯ ಕೊಳೆರೋಗ ಫೈಟಾಫ್ತೊರದ್ದು. ಅದರ ದಾಯಾದಿ ಫೈಟಾಫ್ತೊರ ಕ್ಯಾಕ್ಟೋರಮ್ ಅನ್ನು ಲೆಬರ್ಟ್ ಮತ್ತು ಕೋನ್ 1870ರಲ್ಲಿ ಮೊದಲು ವಿವರಿಸಿದ್ದೇ ಕೊಳೆತ ಕಳ್ಳಿಗಳಿಂದ. ಈ ಕುಲ ನಿಜವಾದ ಶಿಲೀಂಧ್ರವಲ್ಲ, ಹಾಗಾಗಿ ಎಲ್ಲರೂ ಕಣ್ಣುಮುಚ್ಚಿ ಹಾಕುವ ಕಾರ್ಬೆಂಡಜಿಮ್ ಇದಕ್ಕೆ ನಾಟುವುದಿಲ್ಲ. ತಾಮ್ರ ನಾಟುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಗೆ ಹೊಂದಿಸಿಕೊಟ್ಟ ಬೋರ್ಡೋ ದ್ರಾವಣವೇ ನಮಗೂ ಆದೀತು. ನೂರು ಲೀಟರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಎಂಬುದು ತೋಟದ ಲೆಕ್ಕ. ಕುಂಡಗಳಿಗೆ ಒಂದು ಲೀಟರಿಗೆ ಹತ್ತು ಹತ್ತು ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿದು, ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಅಂದೇ ಬಳಸಬೇಕು. ಬಿಳಿ ಮುಳ್ಳಿನ ಮೇಲೆ ನೀಲಿ ಕಲೆ ಉಳಿಯುತ್ತದೆ, ಅದನ್ನು ಸಹಿಸಿಕೊಳ್ಳಿ.

ಆದರೆ ತುತ್ತ ಹೊರಗಿನ ಕಾವಲು ಮಾತ್ರ. ತೋಟದವರು ಅದನ್ನು ಮಳೆ ಹಿಡಿಯುವ ಮುಂಚೆ ಹೊಡೆಯುತ್ತಾರೆ. ನಾವು ಗಿಡ ಕೊಳೆತ ಮೇಲೆ ಅಂಗಡಿಗೆ ಓಡುತ್ತೇವೆ. ಆಗ ಇರುವ ದಾರಿ ಚೂರಿಯೊಂದೇ. ಕೊಳೆತಲ್ಲಿಂದ ಒಂದಂಗುಲ ಮೇಲೆ ಅಡ್ಡ ಕೊಯ್ದು, ನಡುವಿನ ನಾಳದ ಉಂಗುರ ನೋಡಿ. ಅಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಕಂಡರೂ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಿರಿ, ಉಂಗುರ ಪೂರ್ತಿ ಬಿಳಿಯಾಗುವ ತನಕ. ಗಿಡ ಚಿಕ್ಕದಾಯಿತೆಂದು ಮಧ್ಯದಲ್ಲಿ ಕೈ ತಡೆಯಬೇಡಿ. ಕೊಯ್ದ ಮುಖಕ್ಕೆ ಗಂಧಕದ ಪುಡಿ ಉದುರಿಸಿ, ಫ್ಯಾನಿನ ಎದುರು ಮಲಗಿಸಿಡಿ. ಗಾಯ ಗಟ್ಟಿ ಹೊಪ್ಪಳೆ ಕಟ್ಟಿದರೂ ಮಣ್ಣಿಗಿಡುವ ಅವಸರ ಬೇಡ. ಅಕ್ಟೋಬರಿನ ಬಿಸಿಲು ಬರಲಿ.